ಗೋಡೆಯ ಫೋಟೋ ಇಳಿಸುವ ಮುನ್ನ

ಹಳೇ ಫೋಟೋ ಸರಿಮಾಡಿಕೊಡಿ ಎಂದು ಬರುವವರಲ್ಲಿ ಹೆಚ್ಚಿನವರು ಒಂದು ಸಾವಿನ ಬೆನ್ನಿಗೇ ಬರುತ್ತಾರೆ. ವೈಕುಂಠ ಸಮಾರಾಧನೆಗೋ ಶಿವಗಣಾರಾಧನೆಗೋ ಹಾರ ಹಾಕಲು ಒಂದು ಮುಖ ಬೇಕಾಗಿರುತ್ತದೆ. ಕೈಯಲ್ಲಿರುವುದು ಮದುವೆಯ ಗ್ರೂಪ್ ಫೋಟೋದ ಮೂರನೇ ಸಾಲಿನಲ್ಲಿ ಅವರೆಕಾಳಿನಷ್ಟು ದೊಡ್ಡದಾದ ಮುಖ, ಇಲ್ಲವೇ ಮತದಾರರ ಗುರುತಿನ ಚೀಟಿ. ಇರುವ ಸಮಯ ನಾಲ್ಕೈದು ದಿನ. ಮೂಲ ಫೋಟೋಗಳು ಹಾಳಾಗುವುದು ಹೆಚ್ಚಾಗಿ ಈ ನಾಲ್ಕೈದು ದಿನಗಳಲ್ಲೇ. ಗಾಜಿನಿಂದ ಕಿತ್ತು, ಒದ್ದೆ ಬಟ್ಟೆಯಿಂದ ಒರೆಸಿ, ಬೇಕಾದ ಮುಖದ ಸುತ್ತ ಕತ್ತರಿ ಆಡಿಸಿ, ಐವತ್ತು ವರ್ಷ ಉಳಿದದ್ದನ್ನು ಒಂದು ಮಧ್ಯಾಹ್ನದಲ್ಲಿ ಕಳೆದುಬಿಡುತ್ತಾರೆ.

ನಾನು ಪಾಲಿಸುವ ಕ್ರಮ ಒಂದೇ. ಕಲೆ, ಹರಕು, ಅಂಚು ಸಮೇತ ಇದ್ದದ್ದನ್ನು ಇದ್ದ ಹಾಗೇ ಪೂರ್ತಿ ನಕಲು ಮಾಡಿಕೊಳ್ಳುವುದು ಮೊದಲು. ರಿಪೇರಿ ಎಲ್ಲ ಆ ನಕಲಿನ ಮೇಲೆ. ಮೂಲಕ್ಕೆ ಕೈ ಹಚ್ಚುವುದು ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು.

ಗಾಜಿಗೆ ಅಂಟಿದ್ದು

ನಮ್ಮಲ್ಲಿ ಕಟ್ಟು ಹಾಕುವ ರೀತಿಯಲ್ಲೇ ಒಂದು ಕೆಡುಕಿದೆ. ಗಾಜು, ಅದರ ಬೆನ್ನಿಗೇ ಫೋಟೋ, ಹಿಂದೆ ರಟ್ಟು ಅಥವಾ ಪ್ಲೈವುಡ್, ಸುತ್ತ ಸಣ್ಣ ಮೊಳೆ, ಮೇಲೊಂದು ಕಂದು ಕಾಗದ. ಗಾಜಿಗೂ ಫೋಟೋಗೂ ನಡುವೆ ಗಾಳಿಯಾಡಲು ಜಾಗವೇ ಇಲ್ಲ. ಫೋಟೋದ ಮೇಲ್ಪದರ ಜೆಲಟಿನ್. ಅದಕ್ಕೆ ತೇವ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ, ಒಣಗುವಾಗ ಎದುರಿಗಿರುವ ಗಾಜನ್ನೇ ಹಿಡಿದುಕೊಳ್ಳುತ್ತದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇದಕ್ಕೆ ಮಳೆಗಾಲವೇ ಸಾಕು. ಬಯಲುಸೀಮೆಯಲ್ಲಿ ಆ ತೇವ ಹಾರದಿಂದ ಬರುತ್ತದೆ. ನೀರು ಚಿಮುಕಿಸಿದ ಸೇವಂತಿಗೆ ಹಾರವನ್ನು ಕಟ್ಟಿಗೇ ಹಾಕಿದರೆ ಹನಿ ಗಾಜಿನ ಮೇಲಿಂದ ಇಳಿದು ಕೆಳಗಿನ ಪಟ್ಟಿಯ ಸಂದಿಯಲ್ಲಿ ನಿಲ್ಲುತ್ತದೆ. ಫೋಟೋದ ಕೆಳಅಂಚು ದೀಪದ ಬತ್ತಿಯ ಹಾಗೆ ಅದನ್ನು ಮೇಲಕ್ಕೆ ಹೀರುತ್ತದೆ. ಹಾರ ಹಾಕಿದ ಫೋಟೋಗಳಲ್ಲಿ ಕಲೆ ಕೆಳಗಿನಿಂದ ಮೇಲಕ್ಕೆ, ಅಲೆಯಲೆಯಾಗಿ ಏರಿರುವುದು ಇದರಿಂದಲೇ. ಮೊದಲು ಸೆರಗು ಹೋಗುತ್ತದೆ, ಆಮೇಲೆ ತಾಳಿ, ಆಮೇಲೆ ಗಲ್ಲ.

ಅಂಟಿದೆಯೋ ಇಲ್ಲವೋ ಎಂದು ತಿಳಿಯಲು ಕಟ್ಟು ಬಿಚ್ಚಬೇಕಾಗಿಲ್ಲ. ಟಾರ್ಚನ್ನು ಗಾಜಿಗೆ ಓರೆಯಾಗಿ, ಹೆಚ್ಚುಕಮ್ಮಿ ಸಮಾನಾಂತರವಾಗಿ ಹಿಡಿದು ಪಕ್ಕದಿಂದ ನೋಡಿ. ಅಂಟಿದ ಭಾಗ ಒದ್ದೆ ಬಟ್ಟೆಯ ಹಾಗೆ ಗಾಢವಾಗಿ, ಹೊಳಪಾಗಿ ಕಾಣುತ್ತದೆ. ಬಿಟ್ಟುಕೊಂಡ ಭಾಗ ಸ್ವಲ್ಪ ಬೂದು. ಅಂಟಿದ್ದು ಕಂಡರೆ ಬ್ಲೇಡು, ಬಿಸಿಗಾಳಿ, ನೀರು ಯಾವುದೂ ಬೇಡ. ಎಳೆದರೆ ಕಾಗದ ನಿಮ್ಮ ಕೈಗೆ ಬರುತ್ತದೆ, ಮುಖ ಗಾಜಿನಲ್ಲೇ ಉಳಿಯುತ್ತದೆ. ಗಾಜಿನ ಸಮೇತವೇ ನಕಲು ಮಾಡಿ, ಗಾಜಿನ ಸಮೇತವೇ ಎತ್ತಿಡಿ. ಗಾಜು ಒಡೆದಿದ್ದರೂ ಅಷ್ಟೇ. ಚೂರುಗಳನ್ನು ಅಲುಗಾಡದಂತೆ ರಟ್ಟಿನ ಮೇಲೆ ಇರಿಸಿ ನಕಲು ತೆಗೆಯಬಹುದು; ಬಿರುಕಿನ ಗೆರೆಯನ್ನು ಕಂಪ್ಯೂಟರಿನಲ್ಲಿ ತೆಗೆಯಲು ಅರ್ಧ ಗಂಟೆ ಸಾಕು.

ಗಾಜಿನ ಹೊರಮೈ ಒರೆಸುವಾಗ ಕಟ್ಟನ್ನು ಮೇಜಿನ ಮೇಲೆ ಮಲಗಿಸಿ. ನೀರನ್ನು ಬಟ್ಟೆಗೆ ಹಾಕಿ, ಗಾಜಿಗಲ್ಲ. ಅಂಚಿನಿಂದ ಎರಡು ಬೆರಳು ಒಳಗೇ ನಿಲ್ಲಿಸಿ, ಅಂಚನ್ನು ಒಣ ಬಟ್ಟೆಯಲ್ಲಿ ಮುಗಿಸಿ. ಊದುಬತ್ತಿಯ ಹೊಗೆ, ಎಣ್ಣೆದೀಪದ ಜಿಡ್ಡು ಸೇರಿ ಗಾಜಿನ ಮೇಲೆ ಒಂದು ಕಂದು ಪದರ ಕಟ್ಟಿರುತ್ತದೆ. ಇಪ್ಪತ್ತು ವರ್ಷ ‘ಮಾಸಿಹೋಗಿದೆ’ ಎಂದುಕೊಂಡಿದ್ದ ಫೋಟೋದಲ್ಲಿ ಮಾಸಿದ್ದು ಬರೀ ಗಾಜು ಎಂಬುದು ಎಷ್ಟೋ ಸಲ ಇಲ್ಲೇ ಗೊತ್ತಾಗುತ್ತದೆ.

ಗಾಜಿನ ಸಮೇತ ಸ್ಕ್ಯಾನ್ ಮಾಡುವುದಾದರೆ ಯಾವ ಸ್ಕ್ಯಾನರ್ ಎಂಬುದು ಮುಖ್ಯ. ತೆಳ್ಳಗಿನ, ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುವ ಅಗ್ಗದ ಸ್ಕ್ಯಾನರುಗಳಲ್ಲಿ ಇರುವುದು ಸಿಐಎಸ್ (ಕಾಂಟ್ಯಾಕ್ಟ್ ಇಮೇಜ್ ಸೆನ್ಸರ್) ಪಟ್ಟಿ. ಅದಕ್ಕೆ ತನ್ನ ಗಾಜಿಗೆ ತಾಗಿದ್ದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ, ಎರಡು ಮಿಲಿಮೀಟರ್ ಗಾಜಿನಾಚೆಯದ್ದು ಮಸುಕು. ದಪ್ಪ ಮೈಯ ಸಿಸಿಡಿ ಸ್ಕ್ಯಾನರಿನಲ್ಲಿ ಕನ್ನಡಿ, ಲೆನ್ಸ್ ಇರುವುದರಿಂದ ಕೆಲವು ಮಿಲಿಮೀಟರ್ ಆಳವಿದ್ದರೂ ನಡೆಯುತ್ತದೆ. ಗಾಜಿನ ಮೇಲೆ ಗಾಜು ನೇರವಾಗಿ ಕೂತರೆ ನೀರಿನ ಮೇಲಿನ ಎಣ್ಣೆಯಂತೆ ಬಣ್ಣದ ಬಳೆಗಳು ಮೂಡುತ್ತವೆ. ನಾಲ್ಕು ಮೂಲೆಗೆ ವಿಸಿಟಿಂಗ್ ಕಾರ್ಡಿನ ಚೂರು ಇಟ್ಟು ತುಸು ಎತ್ತಿದರೆ ಹೋಗುತ್ತವೆ.

ಕ್ಯಾಮೆರಾದಲ್ಲಿ ನಕಲು

ಕಟ್ಟು ದೊಡ್ಡದಿದ್ದರೆ, ಫೋಟೋ ಸುರುಳಿ ಸುತ್ತಿಕೊಂಡಿದ್ದರೆ, ಸ್ಕ್ಯಾನರಿಗಿಂತ ಕ್ಯಾಮೆರಾ ಮೇಲು. ಟ್ರೈಪಾಡಿನಲ್ಲಿ ಕ್ಯಾಮೆರಾ ಕೆಳಮುಖ, 50 ಅಥವಾ 60 ಎಂಎಂ ಮ್ಯಾಕ್ರೋ ಲೆನ್ಸ್, ಎಫ್/8 (ಲೆನ್ಸಿನ ತೆರಪು), ಐಎಸ್‌ಒ 100 (ಬೆಳಕಿಗೆ ಸ್ಪಂದಿಸುವ ಮಟ್ಟ), ಎರಡು ಸೆಕೆಂಡಿನ ಟೈಮರ್. ಒಂದೇ ಬಗೆಯ ಎರಡು ಎಲ್‌ಇಡಿ ದೀಪ, ಎಡಬಲಕ್ಕೆ 45 ಡಿಗ್ರಿಯಲ್ಲಿ, ಫೋಟೋದಿಂದ ಎರಡು ಎರಡೂವರೆ ಅಡಿ ದೂರ. ಕಿಟಕಿ ಮುಚ್ಚಿ, ಕೋಣೆಯ ಟ್ಯೂಬ್‌ಲೈಟ್ ಆರಿಸಿ.

ಎರಡು ಪರೀಕ್ಷೆಗಳಿವೆ, ಕಾಸು ಖರ್ಚಿಲ್ಲ. ಫೋಟೋ ಇಡುವ ಜಾಗದ ನಡುವೆ ಒಂದು ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ. ಎಡಕ್ಕೂ ಬಲಕ್ಕೂ ಬೀಳುವ ಎರಡು ನೆರಳು ಒಂದೇ ಉದ್ದ, ಒಂದೇ ಕಪ್ಪು ಇರಬೇಕು. ಒಂದು ಗಾಢವಾಗಿದ್ದರೆ ಅದರ ಎದುರು ಬದಿಯ ದೀಪ ಹತ್ತಿರವಾಯಿತು ಎಂದರ್ಥ. ಎರಡನೆಯದು: ಅದೇ ಜಾಗದಲ್ಲಿ ಒಂದು ಸಣ್ಣ ಕನ್ನಡಿ ಮಲಗಿಸಿ ಕ್ಯಾಮೆರಾದಲ್ಲಿ ನೋಡಿ. ಲೆನ್ಸಿನ ಬಿಂಬ ಚೌಕಟ್ಟಿನ ನಟ್ಟನಡುವೆ ಕಂಡರೆ ಕ್ಯಾಮೆರಾ ಫೋಟೋಗೆ ಸಮವಾಗಿದೆ. ಕಾಣದಿದ್ದರೆ ಆಯತ ಓರೆಯಾಗುತ್ತದೆ, ಒಂದು ಅಂಚು ಮಸುಕಾಗುತ್ತದೆ.

ಗಾಜಿನಲ್ಲಿ ಕ್ಯಾಮೆರಾದ ಬಿಂಬವೇ ಕಾಣುತ್ತಿದ್ದರೆ ಕಪ್ಪು ಬಟ್ಟೆಗೆ ಲೆನ್ಸಿನಷ್ಟು ತೂತು ಮಾಡಿ ಅದರೊಳಗಿಂದ ತೆಗೆಯಿರಿ. ಹಳೇ ಕಪ್ಪುಬಿಳುಪು ಫೋಟೋಗಳಲ್ಲಿ ಕೂದಲು, ಕೋಟಿನಂಥ ಕಪ್ಪು ಜಾಗದಲ್ಲಿ ನೀಲಿ ಛಾಯೆಯ ಕನ್ನಡಿ ಹೊಳಪು ಬಂದಿರುತ್ತದೆ. ಅದು ಚಿತ್ರವನ್ನು ಮೂಡಿಸಿರುವ ಬೆಳ್ಳಿಯೇ ಒಳಗಿನಿಂದ ಮೇಲಕ್ಕೆ ಬಂದು ಕೂತದ್ದು, ಒರೆಸಿದರೆ ಹೋಗುವಂಥದ್ದಲ್ಲ. ದೀಪಗಳ ಮುಂದೆ ಪೋಲರೈಸಿಂಗ್ ಹಾಳೆ, ಲೆನ್ಸಿಗೆ ಪೋಲರೈಸರ್ ಹಾಕಿ, ಲೆನ್ಸಿನದನ್ನು ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಆ ಹೊಳಪು ಮಾಯವಾಗಿ ಅದರಡಿಯ ಕೂದಲು ಕಾಣುತ್ತದೆ.

ಮೊಬೈಲ್ ಮಾತ್ರ ಇದ್ದರೆ ಮೋಡದ ದಿನ ಜಗಲಿಯಲ್ಲಿ ತೆಗೆಯಿರಿ. ಹತ್ತಿರ ಹೋಗಬೇಡಿ, ದೂರ ನಿಂತು 2ಎಕ್ಸ್ ಲೆನ್ಸ್ ಬಳಸಿ. ಹತ್ತಿರದಿಂದ ತೆಗೆದರೆ ಅಂಚುಗಳು ಬಾಗುತ್ತವೆ, ಮೊಬೈಲಿನ ನೆರಳೂ ಬೀಳುತ್ತದೆ. ಮುಖ ನುಣುಪು ಮಾಡುವ ‘ಬ್ಯೂಟಿ’ಯನ್ನು ಬಂದ್ ಮಾಡಿ.

ಎಷ್ಟು ಡಿಪಿಐ

ಬಿಡಿ ಫೋಟೋಗಳಿಗೆ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಸಾಕು. ಸಾಮಾನ್ಯ ಪ್ರಿಂಟಿಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ. 4×6 ಇಂಚಿನದು 600ರಲ್ಲಿ 2400×3600 ಪಿಕ್ಸೆಲ್ ಆಗುತ್ತದೆ, 16 ಬಿಟ್ ಟಿಫ್ (ವಿವರ ಕಳೆಯದೆ ಉಳಿಸುವ ಕಡತ) ಆಗಿ ಉಳಿಸಿದರೆ ಸುಮಾರು 52 ಎಂಬಿ. ಇದಕ್ಕಿಂತ ಹೆಚ್ಚಿಸಿದರೆ ಸಿಗುವುದು ಕಾಗದದ ನಾರು. ಆದರೆ ಆರು ಸೆಂಟಿಮೀಟರ್ ಚೌಕದ ಕಾಂಟ್ಯಾಕ್ಟ್ ಪ್ರಿಂಟುಗಳಿಗೆ (ನೆಗೆಟಿವ್‌ನ ಅಳತೆಗೇ ಹಾಕಿದವು) 1200 ಕೊಡಿ, ಅವುಗಳಲ್ಲಿ ಸೂಕ್ಷ್ಮ ವಿವರ ನಿಜವಾಗಿಯೂ ಇರುತ್ತದೆ.

ಇಂಥ ಚೌಕ ಫೋಟೋ ಸಿಕ್ಕರೆ ನೆಗೆಟಿವ್ ಎಲ್ಲಿದೆ ಎಂದು ಕೇಳಿ. ನಮ್ಮ ಮಧ್ಯಮವರ್ಗದ ಎಷ್ಟೋ ಮನೆಗಳಿಗೆ ಬಂದ ಮೊದಲ ಕ್ಯಾಮೆರಾ ಅಗ್ಫಾ ಕ್ಲಿಕ್ 3. 120 ಎಂಬ ಅಳತೆಯ ಫಿಲ್ಮ್ ರೋಲಿಗೆ 12 ಚಿತ್ರ. ನೆಗೆಟಿವ್ ದೊಡ್ಡದು, ಲೆನ್ಸ್ ಒಂದೇ ಗಾಜಿನದು. ನಡುಭಾಗ ಚೆನ್ನ, ಮೂಲೆ ಮಸುಕು. 2400 ಡಿಪಿಐಗೆ ಅದರಲ್ಲಿರುವುದೆಲ್ಲ ಬಂದುಬಿಡುತ್ತದೆ. ನೆಗೆಟಿವ್ ಡಬ್ಬ ತೆರೆದಾಗ ಹುಳಿ ವಿನೆಗರ್ ವಾಸನೆ ಬಂದರೆ ಫಿಲ್ಮು ಕೊಳೆಯತೊಡಗಿದೆ. ಅವನ್ನು ಉಳಿದವುಗಳಿಂದ ಬೇರೆ ಮಾಡಿ, ಸರದಿಯಲ್ಲಿ ಮೊದಲಿಗೆ ತನ್ನಿ.

ಕಪ್ಪುಬಿಳುಪು ಫೋಟೋವನ್ನೂ ಕಲರಿನಲ್ಲೇ ಸ್ಕ್ಯಾನ್ ಮಾಡಬೇಕು. ಕಾರಣ ಕಲೆಗಳು. ಫೋಟೋ ತಿದ್ದುವ ತಂತ್ರಾಂಶಗಳಾದ ಫೋಟೋಶಾಪ್ ಅಥವಾ ಗಿಂಪಿನಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್ಲುಗಳನ್ನು (ಚಿತ್ರ ಕೂಡಿಬಂದ ಮೂರು ಬಣ್ಣದ ಪದರಗಳನ್ನು) ಒಂದೊಂದಾಗಿ ತೆರೆದು ನೋಡಿ. ಗಾಜಿನ ಸಂದಿಯಿಂದ ಒಳಗೆ ಇಳಿದ ಕುಂಕುಮ ಕೆಂಪು ಚಾನೆಲ್ಲಿನಲ್ಲಿ ಬಿಳಿಯೇ ಆಗಿ ಕರಗಿಹೋಗುತ್ತದೆ. ಅರಿಶಿನದ ಕಲೆ ನೀಲಿಯಲ್ಲಿ ಕಪ್ಪಗೆ ಕಾಣುತ್ತದೆ, ಕೆಂಪಿನಲ್ಲಿ ಹೆಚ್ಚುಕಮ್ಮಿ ಇಲ್ಲ. ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ಮೇಲೆ ಬಡಿದ ನೇರಳೆ ಮೊಹರು ಹಸಿರಿನಲ್ಲಿ ಢಾಳಾಗಿ, ನೀಲಿಯಲ್ಲಿ ತೆಳ್ಳಗೆ. ಕಲೆ ಇಲ್ಲದ ಚಾನೆಲ್ಲನ್ನು ಉಳಿಸಿಕೊಂಡು ಉಳಿದೆರಡನ್ನು ಬಿಟ್ಟರೆ ಎರಡು ದಿನದ ಟಚಿಂಗ್ ಎರಡು ನಿಮಿಷಕ್ಕೆ ಮುಗಿಯುತ್ತದೆ. ಇನ್ನು ಕಲೆಯೇ ಇಲ್ಲದೆ ಇಡೀ ಚಿತ್ರ ಹಳದಿಗಟ್ಟಿ ಸಪ್ಪಗಾಗಿದ್ದರೆ ಲೆಕ್ಕ ಉಲ್ಟಾ: ಅಳಿದುಳಿದ ಬೆಳ್ಳಿ ಹೆಚ್ಚು ಎದ್ದು ಕಾಣುವುದು ನೀಲಿ ಚಾನೆಲ್ಲಿನಲ್ಲಿ.

1970–80ರ ದಶಕದ ಕಲರ್ ಪ್ರಿಂಟು ಆಲ್ಬಮ್ಮಿನ ಕತ್ತಲಲ್ಲೇ ಇದ್ದೂ ಕೆಂಪಾಗಿರುತ್ತದೆ. ಅದು ಕೆಂಪು ಏರಿದ್ದಲ್ಲ, ಸಯಾನ್ (ಹಸಿರು ಬೆರೆತ ನೀಲಿ) ಬಣ್ಣ ಕರಗಿಹೋದದ್ದು. ಒಟ್ಟಾರೆ ‘ಆಟೋ ಕಲರ್’ ಒತ್ತಿದರೆ ಮುಖ ಹಸಿರಾಗುತ್ತದೆ. ಲೆವೆಲ್ಸ್‌ನಲ್ಲಿ ಮೂರೂ ಚಾನೆಲ್ಲುಗಳ ಕಪ್ಪು, ಬಿಳಿ ತುದಿಗಳನ್ನು ಬೇರೆಬೇರೆಯಾಗಿ ಹೊಂದಿಸಿ, ಬಿಳಿ ಪಂಚೆಯೋ ಸುಣ್ಣದ ಗೋಡೆಯೋ ಬಿಳಿಯಾಗಿ ಬಂತೇ ನೋಡಿ. ಮದುವೆ ಫೋಟೋಗಳಲ್ಲಿ ಈ ಕೆಲಸಕ್ಕೆ ಅಕ್ಕಿಯ ತಟ್ಟೆ ನಂಬಿಕಸ್ಥ.

ರೇಷ್ಮೆ ನೇಯ್ಗೆಯಂಥ ಉಬ್ಬುತಗ್ಗಿನ ಕಾಗದದ ಪ್ರಿಂಟುಗಳದು ಬೇರೆ ಕಾಟ. ಸ್ಕ್ಯಾನರಿನ ಬೆಳಕು ಒಂದೇ ಕಡೆಯಿಂದ ಬೀಳುವುದರಿಂದ ಪ್ರತಿ ಕುಳಿಯೂ ಚುಕ್ಕೆಯಾಗುತ್ತದೆ. ಫೋಟೋವನ್ನು ಕಾಲು ಸುತ್ತು ತಿರುಗಿಸುತ್ತಾ ನಾಲ್ಕು ಸಲ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರಿಸಿ, ಪದರಗಳ ಗಾಢತೆಯನ್ನು ಕೆಳಗಿನಿಂದ 100, 50, 33, 25 ಶೇಕಡಾ ಇಡಿ. ಚುಕ್ಕೆಗಳು ಒಂದನ್ನೊಂದು ತಿಂದುಹಾಕುತ್ತವೆ, ಮುಖ ಉಳಿಯುತ್ತದೆ.

ಆಲ್ಬಮ್ಮು, ಬೂಷ್ಟು

ಅಂಟಿನ ಗೆರೆಗಳ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚುವ ಆಲ್ಬಮ್ಮುಗಳಿಂದ ಆದಷ್ಟು ಹಾನಿ ಗೆದ್ದಲಿನಿಂದಲೂ ಆಗಿಲ್ಲ. ಮೊದಲು ಪ್ರತಿ ಪುಟವನ್ನು ಹಾಗೇ ಕ್ಯಾಮೆರಾದಲ್ಲಿ ತೆಗೆದುಕೊಳ್ಳಿ. ಯಾವ ಫೋಟೋ ಪಕ್ಕ ಯಾವುದಿತ್ತು ಎಂಬುದೂ ಒಂದು ದಾಖಲೆ. ಆಮೇಲೆ ಮೆಡಿಕಲ್ ಶಾಪಿನಲ್ಲಿ ಸಿಗುವ ಹಲ್ಲುಸಂದಿಯ ದಾರವನ್ನು, ಮೇಣ ಹಚ್ಚದ್ದನ್ನು, ಫೋಟೋದ ಒಂದು ಮೂಲೆಯಡಿ ತೂರಿಸಿ ಗರಗಸದಂತೆ ಅತ್ತಿತ್ತ ಎಳೆಯುತ್ತಾ ಮುಂದೆ ಹೋಗಿ. ದಾರ ಪುಟದ ಕಡೆಗೆ ಒತ್ತಿರಲಿ. ಫೋಟೋ ಬಾಗತೊಡಗಿದರೆ ನಿಲ್ಲಿಸಿ. ಆ ಪುಟವನ್ನು ಕತ್ತರಿಸಿ ಫೋಟೋ ಸಮೇತ ಇಟ್ಟುಬಿಡಿ.

ಬೂಷ್ಟು ಹಿಡಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸುವುದು ಎಲ್ಲರೂ ಮಾಡುವ ತಪ್ಪು. ಬೂಷ್ಟು ತಿನ್ನುವುದೇ ಜೆಲಟಿನ್ನನ್ನು. ತಿಂದ ಜಾಗ ನೀರಿನಲ್ಲಿ ಕರಗುವಂತಾಗಿರುತ್ತದೆ, ಒರೆಸಿದರೆ ಬೂಷ್ಟಿನ ಜೊತೆ ಕಣ್ಣು ಮೂಗೂ ಬಟ್ಟೆಗೆ ಬರುತ್ತವೆ. ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಒಂದು ವಾರ ಒಣಗಲು ಬಿಡಿ. ಆಮೇಲೆ ಮನೆಯ ಹೊರಗೆ, ಮೂಗುಬಾಯಿ ಮುಚ್ಚಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಪುಡಿಯನ್ನು ಹೊಡೆದುಹಾಕಿ. ಬಿಸಿಲಿಗೆ ಹಾಕಬೇಡಿ, ಸುರುಳಿ ಸುತ್ತಿ ಪದರ ಬಿರಿಯುತ್ತದೆ. ಸ್ವಲ್ಪ ಕಲೆ ಉಳಿದರೆ ಉಳಿಯಲಿ.

ಮೂರನೇ ಸಾಲಿನ ಮುಖ

ಈಗ ಜನ ಬಂದದ್ದು ಯಾವುದಕ್ಕೋ ಅದು. 6×8 ಇಂಚಿನ ಗ್ರೂಪ್ ಫೋಟೋದಲ್ಲಿ ಒಂದು ಮುಖ ಸುಮಾರು 8 ಮಿಲಿಮೀಟರ್ ಎತ್ತರ. 1200 ಡಿಪಿಐಗೆ ಸ್ಕ್ಯಾನ್ ಮಾಡಿದರೂ ಗಲ್ಲದಿಂದ ತಲೆಯವರೆಗೆ 378 ಪಿಕ್ಸೆಲ್. ಮನೆಯವರು ಕೇಳುವುದು 10×12ರ ಕಟ್ಟು, ಅದರಲ್ಲಿ ನಾಲ್ಕು ಇಂಚಿನ ಮುಖ. 300 ಡಿಪಿಐ ಲೆಕ್ಕಕ್ಕೆ 1200 ಪಿಕ್ಸೆಲ್ ಬೇಕು. ಹೆಚ್ಚುಕಮ್ಮಿ ಹದಿಮೂರು ಪಟ್ಟು ಹಿಗ್ಗಿಸಿದಾಗ ಉಳಿಯುವುದು ಬೆಳ್ಳಿಯ ಕಣ ಮತ್ತು ಊಹೆ. ನಾನು ಹೇಳುವ ಅಳತೆ ಒಂದೂಕಾಲು ಇಂಚಿನ ಮುಖ, 5×7ರ ಪ್ರಿಂಟು, ಅದರ ಸುತ್ತ ಅಗಲವಾದ ಮೌಂಟ್ (ನಡುವೆ ಕಿಟಕಿ ಕತ್ತರಿಸಿದ ರಟ್ಟು) ಹಾಕಿ 10×12ರ ಕಟ್ಟು. ನಾಲ್ಕು ಪಟ್ಟು ಹಿಗ್ಗಿದ್ದು ಕಣ್ಣಿಗೆ ತಡೆಯುತ್ತದೆ. ದೂರದಿಂದ ಕಟ್ಟು ದೊಡ್ಡದಾಗಿಯೇ ಕಾಣುತ್ತದೆ.

ಎಐ ಆ್ಯಪಿಗೆ ಹಾಕಿದರೆ ಮೂವತ್ತು ಸೆಕೆಂಡಿಗೆ ಮುಖ ಫಳಫಳ ಹೊಳೆಯುತ್ತದಲ್ಲ, ಅದನ್ನೇ ಕೊಡಿ ಎನ್ನುತ್ತಾರೆ. ಅದು ಸ್ಪಷ್ಟ ಮಾಡುವುದಿಲ್ಲ, ಹೊಸದಾಗಿ ಬರೆಯುತ್ತದೆ. ಇಲ್ಲದ ರೆಪ್ಪೆ, ಇಲ್ಲದ ಹಲ್ಲಿನ ಸಾಲು ತಂದು ಕೂರಿಸುತ್ತದೆ. ಪರೀಕ್ಷೆ ಸುಲಭ. ಅದು ಕೊಟ್ಟದ್ದನ್ನು ಮೂಲದ ಮೇಲೆ ಪದರವಾಗಿ ಇಟ್ಟು ಗಾಢತೆ 50 ಮಾಡಿ, ಆರಿಸಿ ಹಚ್ಚಿ ನೋಡಿ. ಒಂದು ಕಣ್ಣು ಇನ್ನೊಂದಕ್ಕಿಂತ ಸಣ್ಣದಿದ್ದದ್ದು ಸಮವಾಗಿರುತ್ತದೆ. ಮುಂದಿನ ಹಲ್ಲಿನ ಸಂದು ಮುಚ್ಚಿರುತ್ತದೆ. ಮೂಗುಬಟ್ಟು ಮಚ್ಚೆಯಾಗಿರುತ್ತದೆ. ಎಲ್ಲಕ್ಕಿಂತ ಮೊದಲು ಹೋಗುವುದು ಸಿಡುಬಿನ ಕುಳಿ. ಸಿಡುಬು ನಮ್ಮ ದೇಶ ಬಿಟ್ಟದ್ದು 1970ರ ದಶಕದಲ್ಲಿ; ಅದಕ್ಕೆ ಮುಂಚಿನವರ ಕೆನ್ನೆಯ ಮೇಲಿನ ಸಣ್ಣ ಗುರುತುಗಳನ್ನು ಯಂತ್ರ ಧೂಳೆಂದು ತಿಳಿಯುತ್ತದೆ, ಅವಸರದ ಟಚಿಂಗ್‌ನವರೂ ಹಾಗೇ ತಿಳಿಯುತ್ತಾರೆ. ಮೊಮ್ಮಕ್ಕಳು ಚೆನ್ನಾಗಿದೆ ಎನ್ನುತ್ತಾರೆ. ಜೊತೆಗೆ ಬಾಳಿದವರು ಸ್ವಲ್ಪ ಹೊತ್ತು ನೋಡಿ, ಇದು ಅವರಲ್ಲ ಎನ್ನುತ್ತಾರೆ. ಆದ್ದರಿಂದ ಟಚಿಂಗ್ ಶುರುಮಾಡುವ ಮುಂಚೆ ಮನೆಯಲ್ಲಿ ವಯಸ್ಸಾದವರೊಬ್ಬರನ್ನು ಕೂರಿಸಿಕೊಂಡು, ಮುಖದ ಮೇಲಿನ ಯಾವ ಗುರುತು ಅವರದು, ಯಾವುದು ಕಾಗದದ್ದು ಎಂದು ಕೇಳಿ ಬರೆದುಕೊಳ್ಳಬೇಕು.

ಮತದಾರರ ಚೀಟಿ ಒಂದೇ ಇದ್ದರೆ ಅದರ ಮುಖವನ್ನು ಒಂದು ಇಂಚಿಗಿಂತ ದೊಡ್ಡದು ಮಾಡಬೇಡಿ. ಪ್ರಿಂಟಿನ ಚುಕ್ಕೆಗಳು ಎದ್ದು ಬರುತ್ತವೆ. ಅದಕ್ಕೆ ಮುಂಚೆ ಬೇರೆ ಕಡೆ ಹುಡುಕಿ. ಪಾಸ್‌ಬುಕ್ಕು, ಬಸ್ ಪಾಸು, ಪಿಂಚಣಿ ಪುಸ್ತಕ, ಮದುವೆಯಾದ ಹೆಣ್ಣುಮಕ್ಕಳ ಟ್ರಂಕು. ತಾಯಿಯ ಒಳ್ಳೆಯ ಫೋಟೋ ಸಾಮಾನ್ಯವಾಗಿ ಇರುವುದು ಮಗನ ಮನೆಯಲ್ಲಲ್ಲ, ಮಗಳ ಮನೆಯಲ್ಲಿ.

ಹಣೆಗೆ ಕುಂಕುಮ ಇಡಿ, ತೆಗೆಯಿರಿ, ಕೋಟು ಹಾಕಿಸಿ, ಕೊನೆಯ ಫೋಟೋದಲ್ಲಿ ಮುಚ್ಚಿದ ಕಣ್ಣು ತೆರೆಸಿ ಎಂಬ ಕೋರಿಕೆಗಳು ಬರುತ್ತವೆ. ಮೊದಲ ಮೂರನ್ನು ಮಾಡಿಕೊಡುತ್ತೇನೆ, ಬೇರೆ ಕಡತದಲ್ಲಿ, ಹೆಸರಿನಲ್ಲೇ ‘ತಿದ್ದಿದ್ದು’ ಎಂದು ಸೇರಿಸಿ. ಕಣ್ಣು ಬಿಡಿಸುವುದಿಲ್ಲ. ಬೇರೊಬ್ಬರ ಕಣ್ಣನ್ನೇ ತಂದು ಕೂರಿಸಬೇಕಾಗುತ್ತದೆ. ಜೀವಮಾನದಲ್ಲಿ ಜೊತೆಗೆ ಫೋಟೋ ತೆಗೆಸಿಕೊಳ್ಳದ ಗಂಡಹೆಂಡತಿಯನ್ನು ಒಂದೇ ಚಿತ್ರಕ್ಕೆ ತರುವ ಕೆಲಸವೂ ಹೀಗೇ: ಒಬ್ಬರದು ಎಡಗಡೆ ದೀಪದ ಸ್ಟುಡಿಯೋ ಫೋಟೋ, ಇನ್ನೊಬ್ಬರದು ಅಂಗಳದ ಬಿಸಿಲಿನಲ್ಲಿ ತೆಗೆದ ಮೊಬೈಲ್ ಚಿತ್ರ. ನೆರಳು ಎರಡು ಕಡೆಗೆ ಬಿದ್ದಿರುವಾಗ ಎಷ್ಟು ತಿದ್ದಿದರೂ ಕಣ್ಣು ಒಪ್ಪುವುದಿಲ್ಲ. ಒಂದೇ ಮೌಂಟಿಗೆ ಎರಡು ಕಿಟಕಿ ಕತ್ತರಿಸಿ ಅಕ್ಕಪಕ್ಕ ಕೂರಿಸಿದರೆ ಯಾವ ಸುಳ್ಳೂ ಬೇಕಾಗುವುದಿಲ್ಲ.

ಶವದ ಜೊತೆ ಕುಟುಂಬ ಕುಳಿತ ಫೋಟೋಗಳನ್ನು ಮನೆಯವರು ಹರಿದುಹಾಕಲು ಹೊರಡುತ್ತಾರೆ. ಕೂರಿಸಿ ಅಲಂಕರಿಸಿದ ದೇಹದ ಸುತ್ತ ಬಂಧುಗಳೆಲ್ಲ ನೆರೆದಿರುವ ಆ ಚಿತ್ರ, ಎಷ್ಟೋ ಸಲ, ಆ ಮನೆಯ ಮೂರು ತಲೆಮಾರು ಒಟ್ಟಿಗೆ ಸಿಕ್ಕ ಒಂದೇ ಚಿತ್ರ. ಬೇರೆ ಲಕೋಟೆ, ಬೇರೆ ಫೋಲ್ಡರ್, ಮೇಲೆ ಒಳಗೇನಿದೆ ಎಂಬ ಒಂದು ಸಾಲು. ಇಷ್ಟು ಸಾಕು.

ಬೆನ್ನು ಮತ್ತು ಅಂಚು

ಫೋಟೋದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಖಾಲಿ ಇದ್ದಂತೆ ಕಂಡರೂ. ಸ್ಟುಡಿಯೋ ಮೊಹರಿನಿಂದ ಕಾಲ ಹಿಡಿಯಬಹುದು. ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಮೊಹರು 1973ರ ನವೆಂಬರಿಗಿಂತ ಹಿಂದಿನದು. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಗದಗ ‘ಧಾರವಾಡ ಜಿಲ್ಲೆ’ಯಲ್ಲೋ ಉಡುಪಿ ‘ದಕ್ಷಿಣ ಕನ್ನಡ’ದಲ್ಲೋ ಇದ್ದರೆ 1997ರ ಜಿಲ್ಲಾ ವಿಂಗಡಣೆಗಿಂತ ಮುಂಚಿನದು. ಹಳೇ ಮೊಹರನ್ನೇ ಇನ್ನೂ ಕೆಲವು ವರ್ಷ ಬಡಿಯುವ ಸ್ಟುಡಿಯೋಗಳಿದ್ದವು, ಆದ್ದರಿಂದ ಪಿನ್‌ಕೋಡಿನ ಸಾಕ್ಷಿ ಗಟ್ಟಿ, ‘ಮೈಸೂರು ರಾಜ್ಯ’ದ್ದು ಅಷ್ಟು ಗಟ್ಟಿಯಲ್ಲ. 1990ರ ದಶಕದ ಫೋಟೋಗಳ ಮೂಲೆಯ ಕಿತ್ತಳೆ ತಾರೀಖನ್ನು ಮಾತ್ರ ನಂಬಬೇಡಿ. ಸೆಲ್ ಬದಲಿಸಿದ ಮೇಲೆ ಅದನ್ನು ಸರಿಮಾಡಿದವರು ಕಮ್ಮಿ.

ಹೆಸರು ಬರೆಯುವುದರಲ್ಲಿ ಒಂದು ಬಲೆ ಇದೆ. ‘ದೊಡ್ಡಪ್ಪ, ಚಿಕ್ಕಜ್ಜಿ, ಸೋದರತ್ತೆ’ ಎಂದು ಬರೆದಿಟ್ಟರೆ ಬರೆದವರು ಇರುವವರೆಗೆ ಮಾತ್ರ ಅದಕ್ಕೆ ಅರ್ಥ. ಮುಂದಿನ ತಲೆಮಾರಿಗೆ ಯಾರ ದೊಡ್ಡಪ್ಪ? ಹೆಸರು, ತಂದೆ ಅಥವಾ ಗಂಡನ ಹೆಸರು, ಊರು ಇಷ್ಟು ಬೇಕು. ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಹೆಸರು ಬದಲಿಸಿದ್ದರೆ ತವರಿನ ಹೆಸರನ್ನೂ ಸೇರಿಸಿ, ಇಲ್ಲದಿದ್ದರೆ ಒಬ್ಬರೇ ಎರಡು ಆಲ್ಬಮ್ಮಿನಲ್ಲಿ ಇಬ್ಬರಾಗುತ್ತಾರೆ. ಗ್ರೂಪ್ ಫೋಟೋದ ದೊಡ್ಡ ಪ್ರಿಂಟಿನ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು, ತಲೆಗಳ ಆಕಾರ ಗೀಚಿ, ಒಳಗೆ ಸಂಖ್ಯೆ ಹಾಕಿ, ಅದನ್ನು ಹಿರಿಯರ ಮುಂದೆ ಇಡಿ. ‘ಇದು ಯಾರು’ ಎಂದು ಕೇಳಿದರೆ ಮರೆತೆ ಎನ್ನುತ್ತಾರೆ. ‘ಈ ಕುರ್ಚಿ ಯಾರ ಮನೆಯದು, ಅಂದು ಅಡುಗೆ ಯಾರದು’ ಎಂದು ಕೇಳಿದರೆ ಹೆಸರುಗಳು ತಾವಾಗಿ ಬರುತ್ತವೆ. ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಕೇಳಿಕೊಂಡೇ.

ಇದೇ ಕಾರಣಕ್ಕೆ ಮೂಲದ ಕಡತವನ್ನು ಕ್ರಾಪ್ ಮಾಡಬಾರದು. ಬೇಕಾದದ್ದು ನಡುವಿನ ಮುಖ ಎಂದು ನಮಗೆ ಇವತ್ತು ಅನಿಸುತ್ತದೆ. ಅಂಚಿನಲ್ಲಿ ಅರ್ಧ ತುಂಡಾದ ಕೆಲಸದ ಹೆಂಗಸು, ಗೂಟಕ್ಕೆ ನೇತುಹಾಕಿದ ಲಾಟೀನು, ಹಿಂದಿನ ಬಾಗಿಲಿಂದ ಇಣುಕುತ್ತಿರುವ, ಫೋಟೋಗೆ ಕರೆಯದೇ ಹೋದ ವಿಧವೆ ಅತ್ತೆ. ಅವರ ಬೇರೆ ಫೋಟೋ ಇರುವುದೇ ಇಲ್ಲ.

ಗೋಡೆಗೆ ಹೋಗುವುದು ನಕಲು

ಲ್ಯಾಬಿಗೆ 300 ಡಿಪಿಐ, ಎಸ್‌ಆರ್‌ಜಿಬಿ (ಸಾಮಾನ್ಯ ಬಣ್ಣ ಮಾನದಂಡದ) ಕಡತ ಕೊಟ್ಟು ‘ಕರೆಕ್ಷನ್ ಬೇಡ’ ಎಂದು ಬರೆಸಿ. ಇಲ್ಲದಿದ್ದರೆ ಅವರ ಯಂತ್ರ ಮುಖವನ್ನು ಬಿಳಿಮಾಡಿ ಕಳಿಸುತ್ತದೆ. ಲ್ಯಾಮಿನೇಷನ್ ಮೂಲಕ್ಕಂತೂ ಬೇಡವೇ ಬೇಡ. ಬಿಸಿ ತಾಗಿ ಅಂಟಿದ್ದು ಮತ್ತೆ ಬಿಡುವುದಿಲ್ಲ. ಕಟ್ಟಿನ ಅಂಗಡಿಯಲ್ಲಿ ನಿಂತು, ಗಾಜಿಗೂ ಫೋಟೋಗೂ ನಡುವೆ ಮೌಂಟ್ ಅಥವಾ 3–4 ಮಿಲಿಮೀಟರ್ ಪಟ್ಟಿ ಕೊಡಿಸಿ, ಹಿಂದಿನ ಕೆಳಮೂಲೆಗಳಿಗೆ ಎರಡು ರಬ್ಬರ್ ಬಿಲ್ಲೆ ಅಂಟಿಸಿ. ಗೋಡೆಗೂ ಕಟ್ಟಿಗೂ ಮಧ್ಯೆ ಗಾಳಿಯಾಡಬೇಕು. ಹಾರಕ್ಕೆ ಕಟ್ಟಿನ ಮೇಲೆ ಎರಡು ಪ್ರತ್ಯೇಕ ಮೊಳೆ ಹೊಡೆಯಿರಿ. ಹಳೆಯ ಕಟ್ಟಿನ ಅಳತೆಗೇ ಹೊಸದನ್ನು ಮಾಡಿಸಿದರೆ ಗೋಡೆಯ ಮೇಲೆ ಉಳಿದ ಬಿಳಿ ಚೌಕ ಮುಚ್ಚುತ್ತದೆ.

ಮೂಲ ಫೋಟೋಗಳಿಗೆ ಪಾಲಿಪ್ರೊಪಿಲೀನ್ ಕವರು, ರಟ್ಟಿನ ಡಬ್ಬ, ಬೀರುವಿನ ನಡುವಿನ ಅಂತಸ್ತು. ನುಸಿಗುಳಿಗೆ ಹಾಕಬೇಡಿ, ಅದು ಪ್ಲಾಸ್ಟಿಕ್ಕಿಗೂ ಫಿಲ್ಮಿಗೂ ಆಗುವುದಿಲ್ಲ. ಕಡತಗಳ ಮೂರು ಪ್ರತಿ, ಅದರಲ್ಲೊಂದು ಬೇರೆ ಊರಿನಲ್ಲಿ. ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ.

ನೂರಾರು ಫೋಟೋ ನೋಡಿದ ಮೇಲೂ ಸಿಗದೇ ಇರುವುದು ಅಡುಗೆಮನೆ. ಮದುವೆ, ನಾಮಕರಣ, ಗೃಹಪ್ರವೇಶ, ಶಾಲೆಯ ಗ್ರೂಪ್ ಎಲ್ಲ ಇವೆ. ಒಲೆಯ ಮುಂದೆ ನಲವತ್ತು ವರ್ಷ ಕೂತವರು ಅಲ್ಲಿ ಕೂತಿರುವ ಒಂದೂ ಇಲ್ಲ. ದಿನನಿತ್ಯದ ಜನರ ಬದುಕನ್ನೇ ಹಿಂಬಾಲಿಸಿದ ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರಂಥವರು ಬೀದಿ, ಹೊಲ, ಶಾಲೆಗಳಲ್ಲಿ ಮಾಡಿದ ಕೆಲಸವನ್ನು ಮನೆಯೊಳಗೆ ಮನೆಯವರೇ ಮಾಡಬೇಕಾಗುತ್ತದೆ. ಬದುಕಿರುವವರನ್ನು ಈಗಲೇ ತೆಗೆಯಿರಿ. ಒಂದೇ ಕಿಟಕಿಯ ಅಡುಗೆಮನೆಗೆ 35 ಎಂಎಂ ಲೆನ್ಸ್, ಎಫ್/2.8, ಐಎಸ್‌ಒ 1600ರಿಂದ 3200, ಷಟರ್ ಸೆಕೆಂಡಿನ 1/125. ರೊಟ್ಟಿ ಬಡಿಯುವ ಕೈ ಅಲುಗದೆ ಬರಬೇಕಾದರೆ 1/250, ಅಲುಗಿದರೂ ಕೆಟ್ಟದ್ದೇನಲ್ಲ. ದೀಪ ಆರಿಸಿ. ಆರಿಸಲಾಗದಿದ್ದರೆ 1/100ಕ್ಕೆ ಇಳಿಸಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಷಟರ್ ಅದಕ್ಕೆ ಹೊಂದದಿದ್ದರೆ ಚಿತ್ರದ ಮೇಲೆ ಅಡ್ಡಪಟ್ಟಿ ಬರುತ್ತದೆ. ಕಿಟಕಿ ಅವರ ಪಕ್ಕಕ್ಕಿರಲಿ. ಹಬೆ, ಹೊಗೆ ಬೇಕಾದರೆ ಕಿಟಕಿ ಅವರ ಹಿಂದಿರಲಿ. ಮೊದಲ ಹತ್ತು ನಿಮಿಷ ಸೆರಗು ಸರಿಮಾಡಿಕೊಂಡು ಕ್ಯಾಮೆರಾ ನೋಡುತ್ತಾರೆ. ಒಗ್ಗರಣೆ ಹೊತ್ತಿಗೆ ಮರೆಯುತ್ತಾರೆ, ಆಗ ತೆಗೆಯಿರಿ.

ಅವುಗಳಲ್ಲಿ ಹತ್ತನ್ನಾದರೂ 4×6ಕ್ಕೆ ಪ್ರಿಂಟ್ ಹಾಕಿಸಿ ಅದೇ ಡಬ್ಬಕ್ಕೆ ಸೇರಿಸಿ. ಈಗಿನ ಪ್ಲಾಸ್ಟಿಕ್ ಲೇಪದ ಕಾಗದದ ಬೆನ್ನಿಗೆ ಪೆನ್ಸಿಲ್ ಹತ್ತುವುದಿಲ್ಲ, ಬಾಲ್‌ಪೆನ್ ಒತ್ತಿದರೆ ಮುಂಬದಿಗೆ ಉಬ್ಬು ಬೀಳುತ್ತದೆ. ಸಣ್ಣ ಮೊನೆಯ ಪರ್ಮನೆಂಟ್ ಮಾರ್ಕರಿನಿಂದ ಅಂಚಿನಲ್ಲಿ ಬರೆಯಿರಿ: ಹೆಸರು, ಊರು, ತಾರೀಖು, ಅಂದು ಏನು ಮಾಡುತ್ತಿದ್ದರು. ಬರೆದು ಒಂದು ಗಂಟೆ ಹರಡಿ ಒಣಗಿಸಿದ ಮೇಲೆ ಜೋಡಿಸಿ. ಹಸಿ ಶಾಯಿ ಕೆಳಗಿನ ಫೋಟೋದ ಮುಖಕ್ಕೆ ಅಚ್ಚಾಗುತ್ತದೆ.